ಪಿಎಚ್‌ಡಿ ಇದೆ, ಪಾಠ ಮಾಡೋದನ್ನ ಕಲಿಸಿದವರು ಯಾರು?

ಪಾಡ್‌ಕಾಸ್ಟ್ ಕಂತಿನ ಅಕ್ಷರ ರೂಪ: ಜೀವವೈದ್ಯಕೀಯ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳು ತರಗತಿಗೆ ಕಾಲಿಡುವ ಮೊದಲು ಏನು ಕಲಿಯಬೇಕು? ಬಯೋಕೆಮಿಸ್ಟ್ರಿ ಅಧ್ಯಾಪಕಿಯೊಬ್ಬರ ಮಾತು.

ಬಸ್ಸಲ್ಲೋ, ಮೆಟ್ರೊದಲ್ಲೋ, ಲ್ಯಾಬ್‌ನಲ್ಲಿ ಸೆಂಟ್ರಿಫ್ಯೂಜ್ ನಿಲ್ಲೋದನ್ನ ಕಾಯ್ತಾನೋ ನೀವು ಇದನ್ನ ಕೇಳ್ತಾ ಇರಬಹುದು.

ಇವತ್ತು ಒಂದು ಸಣ್ಣ ಹೋಲಿಕೆಯಿಂದ ಶುರು ಮಾಡ್ತೀನಿ. ನಮ್ಮ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡಬೇಕು ಅಂದ್ರೆ ಏನೇನು ಬೇಕು? ಡಿಗ್ರಿ ಬೇಕು. ಶಿಕ್ಷಕರ ತರಬೇತಿ, ಅಂದ್ರೆ ಬಿ.ಇಡಿ ಥರದ್ದು, ಆಗಿರಬೇಕು. ಟಿಇಟಿ ಪಾಸಾಗಿರಬೇಕು. ತರಬೇತಿಯ ಸಮಯದಲ್ಲಿ ಶಾಲೆಗೆ ಹೋಗಿ, ಹಿಂದಿನ ಬೆಂಚಲ್ಲಿ ಮೇಷ್ಟ್ರು ಕೂತು ನೋಡುತ್ತಿರುವಾಗಲೇ ಪಾಠ ಮಾಡಿ ತೋರಿಸಬೇಕು.

ಈಗ ಡಿಗ್ರಿ ಕಾಲೇಜಿಗೆ ಬನ್ನಿ. ಬಯೋಕೆಮಿಸ್ಟ್ರಿಯೋ ಮೈಕ್ರೋಬಯಾಲಜಿಯೋ ಪಾಠ ಮಾಡಬೇಕು ಅಂದ್ರೆ? ಸ್ನಾತಕೋತ್ತರ ಪದವಿ, ಜೊತೆಗೆ ನೆಟ್ ಅಥವಾ ಕೆ-ಸೆಟ್, ಇಲ್ಲವೇ ಪಿಎಚ್‌ಡಿ. ನಮ್ಮ ಜೀವವಿಜ್ಞಾನದವರು ಹೆಚ್ಚಾಗಿ ಬರೆಯೋದು ಸಿಎಸ್‌ಐಆರ್-ನೆಟ್. ಅದರಲ್ಲಿ ಮೂರು ಭಾಗ ಇರುತ್ತೆ. ಮೊದಲನೆಯದರಲ್ಲಿ ತರ್ಕ, ಗ್ರಾಫ್, ಲೆಕ್ಕ. ಉಳಿದ ಎರಡರಲ್ಲಿ ವಿಷಯ. ಪಾಠ ಮಾಡೋದರ ಬಗ್ಗೆ ಬೇರೆ ಭಾಗ ಅಂತ ಇಲ್ಲ. ಆದರೆ ಆ ಪರೀಕ್ಷೆ ಪಾಸಾದವರಿಗೆ ಸಿಗುವ ಅರ್ಹತೆ ಯಾವುದಕ್ಕೆ? ಸಹಾಯಕ ಪ್ರಾಧ್ಯಾಪಕರಾಗೋದಕ್ಕೆ!

ಯುಜಿಸಿ-ನೆಟ್ ಮತ್ತು ಕೆ-ಸೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯದ ಪ್ರಶ್ನೆಗಳು ಇರುತ್ತವೆ, ನಿಜ. ಆದರೆ ಅವೂ ನಾಲ್ಕರಲ್ಲಿ ಒಂದನ್ನ ಆರಿಸುವ ಪ್ರಶ್ನೆಗಳೇ. ಈಜು ಬರುತ್ತಾ ಅಂತ ಕಾಗದದ ಮೇಲೆ ಪರೀಕ್ಷೆ ಮಾಡಿ, ಆಮೇಲೆ ಕೆರೆಗೆ ಇಳಿಸಿದ ಹಾಗೆ.

ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಕೆಲವು ವರ್ಷಗಳಿಂದ ಇನ್ನೊಂದು ಕೆಲಸವನ್ನೂ ಮಾಡ್ತಾ ಇದೀನಿ. ಪಿಎಚ್‌ಡಿ ಮಾಡ್ತಿರೋರು, ಎಂಎಸ್‌ಸಿ ಕೊನೆಯ ವರ್ಷದವರು, ಎಂ.ಡಿ. ಓದ್ತಿರೋರು, ಇವರಿಗೆ ಪಾಠ ಮಾಡೋದು ಹೇಗೆ ಅಂತ ತರಬೇತಿ ಕೊಡೋದು. ಇವತ್ತಿನ ಮಾತು ಅದರ ಬಗ್ಗೆ.

‘ನೀನೇ ಒಂದು ಕ್ಲಾಸ್ ತಗೊಂಡುಬಿಡು’

ಸಂಶೋಧನಾ ವಿದ್ಯಾರ್ಥಿಗಳು ಮೊದಲ ಸಲ ಪಾಠಕ್ಕೆ ಹೋಗೋದು ಸಾಮಾನ್ಯವಾಗಿ ಹೇಗೆ ಗೊತ್ತಾ? ಗೈಡ್ ಕಾನ್ಫರೆನ್ಸಿಗೆ ಹೊರಟಿರುತ್ತಾರೆ. ಹಿಂದಿನ ದಿನ ಸಂಜೆ ಫೋನ್ ಬರುತ್ತೆ. ‘ನಾಳೆ ಫಸ್ಟ್ ಇಯರ್‌ಗೆ ನೀನೇ ಒಂದು ಕ್ಲಾಸ್ ತಗೊಂಡುಬಿಡು. ಸ್ಲೈಡ್ ಕಳಿಸ್ತೀನಿ.’ ಸ್ಲೈಡ್ ಬರುತ್ತೆ. ತೊಂಬತ್ತು ಸ್ಲೈಡ್! ಇರೋದು ಒಂದು ಗಂಟೆ.

ಮರುದಿನ ಆ ಹುಡುಗ ಅಥವಾ ಹುಡುಗಿ ಹೋಗಿ, ಪರದೆ ಕಡೆ ಮುಖ ಮಾಡಿ, ಒಂದೊಂದೇ ಸ್ಲೈಡ್ ಓದಿ ಮುಗಿಸ್ತಾರೆ. ಕೊನೆಯಲ್ಲಿ ‘ಎನಿ ಡೌಟ್ಸ್?’ ಅಂತ ಕೇಳ್ತಾರೆ. ಯಾರೂ ಮಾತಾಡಲ್ಲ. ‘ಓಕೆ, ಥ್ಯಾಂಕ್ಯೂ.’ ಹೊರಗೆ ಬರ್ತಾರೆ.

ಇದರಲ್ಲಿ ಆ ವಿದ್ಯಾರ್ಥಿಯ ತಪ್ಪು ಏನೂ ಇಲ್ಲ. ಅವರಿಗೂ ಯಾರೋ ಹೀಗೇ ಪಾಠ ಮಾಡಿದ್ದರು, ಅದನ್ನೇ ಇವರು ಮುಂದುವರಿಸಿದರು. ವಿಷಯ ಗೊತ್ತಿದ್ದರೆ ಪಾಠ ತಾನಾಗೇ ಬರುತ್ತೆ ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ನಿಜ ಹೇಳಬೇಕು ಅಂದ್ರೆ, ಎಷ್ಟೋ ಸಲ ಆಗೋದು ಅದರ ಉಲ್ಟಾ. ವಿಷಯ ಆಳವಾಗಿ ಗೊತ್ತಿದ್ದಷ್ಟೂ, ಅದು ಗೊತ್ತಿಲ್ಲದವರ ತಲೆ ಹೇಗೆ ಓಡುತ್ತೆ ಅಂತ ಊಹಿಸೋದು ಕಷ್ಟವಾಗುತ್ತೆ.

ನಂಬಿಕೆ ಬರ್ತಿಲ್ವಾ? ಪಕ್ಕದಲ್ಲಿ ಯಾರಾದ್ರೂ ಸ್ನೇಹಿತರು ಇದ್ರೆ ಈಗಲೇ ಒಂದು ಆಟ ಆಡಿ. ನಿಮಗಿಷ್ಟವಾದ ರಾಜ್‌ಕುಮಾರ್ ಹಾಡೊಂದನ್ನ ಮನಸ್ಸಲ್ಲೇ ಹಾಡಿಕೊಳ್ಳಿ. ಬಾಯಿ ಬಿಡಬೇಡಿ. ಅದರ ತಾಳವನ್ನ ಬೆರಳಲ್ಲಿ ಮೇಜಿನ ಮೇಲೆ ಬಡಿಯಿರಿ. ಯಾವ ಹಾಡು ಅಂತ ಅವರು ಹೇಳ್ತಾರಾ ನೋಡಿ.

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿನಿ ಇದೇ ಪ್ರಯೋಗ ಮಾಡಿದ್ದರು. ಬಡಿದ ಹಾಡುಗಳು 120. ಬಡಿದವರನ್ನ ಮೊದಲೇ ಕೇಳಿದ್ದರು: ‘ಎಷ್ಟು ಜನ ಗುರುತಿಸಬಹುದು?’ ಅರ್ಧದಷ್ಟು ಅಂತ ಅವರ ಅಂದಾಜು. ಕೊನೆಗೆ ಕೇಳುಗರು ಗುರುತಿಸಿದ್ದು ಬರೀ 3 ಹಾಡು. ಬಡಿಯುವವರ ತಲೆಯೊಳಗೆ ಪೂರ್ತಿ ಆರ್ಕೆಸ್ಟ್ರಾ ನಡೀತಾ ಇರುತ್ತೆ. ಕೇಳುವವರ ಕಿವಿಗೆ ಬೀಳೋದು ಟಕ್ ಟಕ್ ಶಬ್ದ ಮಾತ್ರ.

ಐದು ವರ್ಷ ಒಂದೇ ಪ್ರೋಟೀನಿನ ಹಿಂದೆ ಬಿದ್ದಿರೋ ಪಿಎಚ್‌ಡಿ ವಿದ್ಯಾರ್ಥಿ ಮೊದಲ ವರ್ಷದವರಿಗೆ ಪಾಠ ಮಾಡುವಾಗ ಆಗೋದೂ ಇಷ್ಟೇ.

ಕೆಂಪಾದ ಸೀರಮ್

ಇದಕ್ಕೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ನೀವು ಕೇಳಬಹುದು. ಅರ್ಥ ಆಗದಿದ್ದರೆ ಯೂಟ್ಯೂಬ್ ಇದೆಯಲ್ಲ, ಪರೀಕ್ಷೆಗೆ ಗೈಡ್ ಪುಸ್ತಕ ಇದೆಯಲ್ಲ ಅಂತ.

ನಮ್ಮ ವಿಷಯದಲ್ಲಿ ಒಂದು ವಿಶೇಷ ಇದೆ. ನಮ್ಮ ಕ್ಲಾಸಲ್ಲಿ ಕೂತಿರೋರು ನಾಳೆ ನರ್ಸ್ ಆಗ್ತಾರೆ, ಲ್ಯಾಬ್ ಟೆಕ್ನೀಷಿಯನ್ ಆಗ್ತಾರೆ, ಫಾರ್ಮಸಿಸ್ಟ್ ಆಗ್ತಾರೆ, ವೈದ್ಯರಾಗ್ತಾರೆ. ನಾವು ಹೇಳಿದ್ದು ಅರ್ಥವಾಗಿದೆಯೋ ಇಲ್ಲವೋ ಅಂತ ಗೊತ್ತಾಗೋದು ಉತ್ತರ ಪತ್ರಿಕೆಯಲ್ಲಿ ಮಾತ್ರ ಅಲ್ಲ.

ಒಂದೇ ಒಂದು ಉದಾಹರಣೆ ಕೊಡ್ತೀನಿ. ಪೊಟ್ಯಾಸಿಯಂ. ಮೊದಲ ವರ್ಷದಲ್ಲೇ ಬರುವ ಪಾಠ ಇದು. ಜೀವಕೋಶದ ಒಳಗೆ ಪೊಟ್ಯಾಸಿಯಂ ಜಾಸ್ತಿ, ಲೀಟರಿಗೆ ಸುಮಾರು 140 ಮಿಲಿಮೋಲ್. ಹೊರಗೆ, ಅಂದ್ರೆ ರಕ್ತದ ದ್ರವ ಭಾಗದಲ್ಲಿ, ಕಡಿಮೆ: 3.5ರಿಂದ 5. ಎಲ್ಲರೂ ಬಾಯಿಪಾಠ ಮಾಡ್ತಾರೆ. ಪರೀಕ್ಷೆಯಲ್ಲಿ ಸರಿಯಾಗಿ ಬರೀತಾರೆ. ಅಂಕವೂ ಬರುತ್ತೆ.

ಈಗ ಮೂರು ವರ್ಷ ಮುಂದೆ ಹೋಗೋಣ. ಅದೇ ವಿದ್ಯಾರ್ಥಿ ತಾಲ್ಲೂಕು ಕೇಂದ್ರದ ಒಂದು ಲ್ಯಾಬಲ್ಲಿ ಕೆಲಸಕ್ಕೆ ಸೇರಿದ್ದಾನೆ ಅಂದುಕೊಳ್ಳಿ. ವಾರ್ಡಿನಿಂದ ರಕ್ತದ ಸ್ಯಾಂಪಲ್ ಬರುತ್ತೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದಿದ್ದಾರೆ, ಅಥವಾ ಟ್ಯೂಬನ್ನ ಮೆಲ್ಲಗೆ ತಿರುಗಿಸುವ ಬದಲು ಗಡಗಡ ಅಲ್ಲಾಡಿಸಿದ್ದಾರೆ. ಕೆಂಪು ರಕ್ತಕಣಗಳು ಒಡೆದಿವೆ. ಸೆಂಟ್ರಿಫ್ಯೂಜ್ ಮಾಡಿದ ಮೇಲೆ ತಿಳಿಹಳದಿ ಇರಬೇಕಾದ ಸೀರಮ್ ಕೆಂಪಗೆ ಕಾಣ್ತಾ ಇದೆ. ಅವನು ಅದನ್ನೇ ಮೆಷಿನ್‌ಗೆ ಹಾಕ್ತಾನೆ. ಪೊಟ್ಯಾಸಿಯಂ 6.5 ಅಂತ ರಿಪೋರ್ಟ್ ಹೋಗುತ್ತೆ.

ರೋಗಿಯ ದೇಹದಲ್ಲಿ ಅಷ್ಟು ಪೊಟ್ಯಾಸಿಯಂ ಇಲ್ಲ. ಅದು ಬಂದಿದ್ದು ಟ್ಯೂಬಿನಲ್ಲಿ ಒಡೆದ ಕಣಗಳ ಒಳಗಿಂದ! ಈ ರಿಪೋರ್ಟ್ ನೋಡಿ ರೋಗಿಗೆ ಬೇಡದ ಚಿಕಿತ್ಸೆ ಶುರುವಾಗಬಹುದು. ಇನ್ನೂ ಕೆಟ್ಟದ್ದೆಂದರೆ, ನಿಜವಾಗಿ ಪೊಟ್ಯಾಸಿಯಂ ತುಂಬ ಕಡಿಮೆ ಇರುವವರ ರಿಪೋರ್ಟ್ ‘ನಾರ್ಮಲ್’ ಅಂತ ಬಂದುಬಿಡಬಹುದು. ಎರಡರಲ್ಲೂ ಹೃದಯದ ಬಡಿತಕ್ಕೇ ಅಪಾಯ.

ಆ ಹುಡುಗನಿಗೆ 140 ಅನ್ನೋ ಸಂಖ್ಯೆ ಗೊತ್ತಿತ್ತು. ಕೆಂಪಾದ ಸೀರಮ್ಮಿಗೂ ಆ 140ಕ್ಕೂ ಏನು ಸಂಬಂಧ ಅಂತ ಯಾರೂ ಅವನನ್ನ ಕೇಳಿರಲಿಲ್ಲ. ಕ್ಲಾಸಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ‘ರಕ್ತಕಣ ಒಡೆದುಹೋದರೆ ನಿಮ್ಮ ರಿಪೋರ್ಟ್ ಏನಾಗುತ್ತೆ?’ ಆ ಪ್ರಶ್ನೆ ಕೇಳೋದನ್ನ ಕಲಿಸೋದೇ ನಮ್ಮ ತರಬೇತಿ.

ಹತ್ತು ನಿಮಿಷ, ಒಂದೇ ವಿಷಯ

ತರಬೇತಿ ಅಂದ ಕೂಡಲೇ ದೊಡ್ಡ ಹಾಲ್, ದೀಪ ಬೆಳಗೋದು, ಶಾಲು, ಮೂರು ಗಂಟೆ ಭಾಷಣ ನೆನಪಾಗುತ್ತೆ ಅಲ್ವಾ? ನಾವು ಮಾಡೋದು ಅದಲ್ಲ. ಪಾಠ ಮಾಡೋದು ಹೇಗೆ ಅಂತ ಭಾಷಣ ಕೇಳಿ ಯಾರೂ ಪಾಠ ಮಾಡೋದನ್ನ ಕಲಿಯಲ್ಲ.

ನಾವು ಬಳಸೋದು ಹಳೆಯ ವಿಧಾನವನ್ನೇ. ಹೆಸರು ಮೈಕ್ರೋಟೀಚಿಂಗ್. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡಿದ್ದು, ನಮ್ಮ ಬಿ.ಇಡಿ ಕಾಲೇಜುಗಳಿಗೂ ಹೊಸದಲ್ಲ. ಆರೇಳು ಜನ ಕೂರ್ತೀವಿ. ಒಬ್ಬರು ಹತ್ತು ನಿಮಿಷ ಪಾಠ ಮಾಡ್ತಾರೆ, ಒಂದೇ ಒಂದು ವಿಷಯ. ಉಳಿದವರು ವಿದ್ಯಾರ್ಥಿಗಳು. ಫೋನಲ್ಲಿ ರೆಕಾರ್ಡ್ ಮಾಡ್ತೀವಿ. ಆಮೇಲೆ ಮಾತು. ಮರುದಿನ ಅದೇ ಪಾಠ, ಅದೇ ವ್ಯಕ್ತಿ, ಇನ್ನೊಂದು ಸಲ. ಈ ಎರಡನೇ ಸಲ ಮಾಡೋದು ತುಂಬ ಮುಖ್ಯ. ಏನು ಬದಲಾಯಿತು ಅಂತ ಅವರಿಗೇ ಕಾಣುತ್ತೆ.

ಪಾಠ ತಯಾರಿಸೋ ಮೊದಲು ಒಂದು ವಾಕ್ಯ ಬರೆಯಿರಿ ಅಂತ ಹೇಳ್ತೀವಿ: ‘ಈ ಕ್ಲಾಸ್ ಮುಗಿದಾಗ ವಿದ್ಯಾರ್ಥಿ ಏನು ಮಾಡಬಲ್ಲರು?’ ‘ಪೊಟ್ಯಾಸಿಯಂ ಬಗ್ಗೆ ತಿಳಿದಿರುತ್ತಾರೆ’ ಅಂತ ಬರೆದರೆ ವಾಪಸ್. ‘ಕೆಂಪಾದ ಸೀರಮ್ ನೋಡಿ, ಯಾವ ರಿಪೋರ್ಟ್ ನಂಬಬಾರದು, ಯಾಕೆ ಅಂತ ಹೇಳಬಲ್ಲರು’ ಅಂತ ಬರೆದರೆ ಸರಿ. ಈ ಒಂದು ವಾಕ್ಯ ಸರಿಯಾಗಿ ಬರೆದವರ ತೊಂಬತ್ತು ಸ್ಲೈಡ್ ತಾನಾಗೇ ಹನ್ನೆರಡಕ್ಕೆ ಇಳಿಯುತ್ತೆ. ಬೇಡದ್ದು ಯಾವುದು ಅಂತ ಆಗ ಗೊತ್ತಾಗುತ್ತೆ.

ಇನ್ನೊಂದು ಅಭ್ಯಾಸ: ಪ್ರಶ್ನೆ ಕೇಳಿ ಸುಮ್ಮನಿರೋದು. ಕೇಳೋಕೆ ಸುಲಭ. ಮಾಡಿ ನೋಡಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನ ಅಳೆದು ತೋರಿಸಿದ್ದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಸಾಮಾನ್ಯವಾಗಿ ಕಾಯೋದು ಸುಮಾರು ಒಂದು ಸೆಕೆಂಡ್. ಆಮೇಲೆ ತಾವೇ ಉತ್ತರ ಹೇಳಿಬಿಡ್ತಾರೆ, ಇಲ್ಲ ಇನ್ನೊಂದು ಪ್ರಶ್ನೆಗೆ ಹೋಗ್ತಾರೆ. ಅದನ್ನ ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು. ಉತ್ತರ ಕೊಡದೆ ಸುಮ್ಮನೆ ಕೂರೋದು ಕಡಿಮೆಯಾಯಿತು.

ಮೂರು ಸೆಕೆಂಡ್ ಎಷ್ಟು ಉದ್ದ ಗೊತ್ತಾ? ಈಗ ನೋಡಿ.

[ಮೂರು ಸೆಕೆಂಡ್ ಮೌನ]

ಫೋನ್ ನಿಂತುಹೋಯ್ತಾ ಅಂತ ಸ್ಕ್ರೀನ್ ನೋಡಿದ್ರಿ ತಾನೇ? ಹೊಸ ಅಧ್ಯಾಪಕರಿಗೂ ಹಾಗೇ ಗಾಬರಿ ಆಗುತ್ತೆ. ಆ ಮೌನದಲ್ಲಿ ಎದುರಿಗಿರುವವರು ಯೋಚನೆ ಮಾಡ್ತಾ ಇರ್ತಾರೆ, ತಡ್ಕೊಳ್ಳಿ ಅಂತ ಅವರಿಗೆ ಅಭ್ಯಾಸ ಮಾಡಿಸಬೇಕು.

ಬಸ್ಸಿನ ಸೀಟು ಮತ್ತು ಟವೆಲ್

ಈಗ ನನಗೆ ತುಂಬ ಇಷ್ಟವಾದ ಒಂದು ಮೈಕ್ರೋಟೀಚಿಂಗ್ ಕ್ಲಾಸಿನ ಬಗ್ಗೆ ಹೇಳ್ತೀನಿ.

ವಿಷಯ: ಕಿಣ್ವಗಳನ್ನ ತಡೆಯುವ ವಸ್ತುಗಳು. ಕಿಣ್ವ ಅಂದ್ರೆ ಎನ್‌ಜೈಮ್. ಪ್ರತಿ ಕಿಣ್ವಕ್ಕೂ ಒಂದು ಜಾಗ ಇರುತ್ತೆ, ಅಲ್ಲಿ ಬಂದು ಕೂತ ಅಣುವನ್ನ ಅದು ಬದಲಾಯಿಸುತ್ತೆ. ಆ ಜಾಗದಲ್ಲಿ ಬೇರೆ ಯಾವುದೋ ಅಣು ಬಂದು ಕೂತರೆ ಕೆಲಸ ನಿಲ್ಲುತ್ತೆ. ಇದಕ್ಕೆ ಸ್ಪರ್ಧಾತ್ಮಕ ತಡೆ ಅಂತಾರೆ, ಕಾಂಪಿಟಿಟಿವ್ ಇನ್ಹಿಬಿಷನ್.

ಪಾಠ ಮಾಡಿದ್ದು ಹಾವೇರಿ ಕಡೆಯ ಒಬ್ಬ ಹುಡುಗ. ‘ಜಾತ್ರೆ ಟೈಮಲ್ಲಿ ಕೆಂಪು ಬಸ್ಸು ಬಂತು ಅಂದ್ಕೊಳ್ರಿ. ಕಿಟಕಿಯಿಂದ ಯಾರೋ ಸೀಟಿಗೆ ಟವೆಲ್ ಹಾಕ್ತಾರ. ಆ ಸೀಟಿನ್ಯಾಗ ನೀವು ಕೂಡಂಗಿಲ್ಲ. ಆ ಟವೆಲ್ಲೇ ಇನ್ಹಿಬಿಟರ್’ ಅಂದ. ಎಲ್ಲರೂ ನಕ್ಕರು. ಎಲ್ಲರಿಗೂ ಅರ್ಥವಾಯಿತು.

ಆಗ ಹಿಂದೆ ಕೂತಿದ್ದ ಹುಡುಗಿ ಕೇಳಿದಳು: ‘ಸ್ಪರ್ಧಾತ್ಮಕ ತಡೆಯಲ್ಲಿ ಜನ ಜಾಸ್ತಿ ಬಂದ್ರೆ ಸೀಟು ಸಿಗಬೇಕಲ್ವಾ? ಟವೆಲ್ ಹಾಕಿದ ಮೇಲೆ ನೂರು ಜನ ಬಂದ್ರೂ ಸೀಟು ಟವೆಲ್ಲಿನವರದ್ದೇ ಅಲ್ವಾ?’

ಅವನು ಒಂದು ನಿಮಿಷ ಯೋಚನೆ ಮಾಡಿದ. ಅವಳು ಹೇಳಿದ್ದು ಸರಿ. ಮರುದಿನ ಎರಡನೇ ಸಲ ಪಾಠ ಮಾಡುವಾಗ ಎರಡು ಬಸ್ ತಂದ. ಒಂದು ಸಿಟಿ ಬಸ್. ಪ್ರತಿ ಸ್ಟಾಪಲ್ಲೂ ಹತ್ತೋರು, ಇಳಿಯೋರು. ಯಾರ ಸಂಖ್ಯೆ ಜಾಸ್ತಿಯೋ, ಯಾರು ಚುರುಕೋ, ಅವರಿಗೆ ಸೀಟು. ಇದು ಸ್ಪರ್ಧಾತ್ಮಕ ತಡೆ. ಇನ್ನೊಂದು ಟವೆಲ್ ಬಿದ್ದ ಬಸ್. ಬಿದ್ದರೆ ಬಿತ್ತು, ಆ ಸೀಟು ಹೋಯ್ತು. ಇದು ಆಸ್ಪಿರಿನ್! ಪ್ಲೇಟ್‌ಲೆಟ್‌ನಲ್ಲಿರುವ ಕಿಣ್ವಕ್ಕೆ ಆಸ್ಪಿರಿನ್ ಶಾಶ್ವತವಾಗಿ ಬೀಗ ಹಾಕುತ್ತೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರ ಇಲ್ಲ, ಹೊಸ ಕಿಣ್ವ ತಯಾರಿಸೋಕೆ ಆಗಲ್ಲ. ಅದರ ಆಯಸ್ಸು 7ರಿಂದ 10 ದಿನ. ಅದಕ್ಕೇ ಒಂದು ಮಾತ್ರೆಯ ಪರಿಣಾಮ ದಿನಗಟ್ಟಲೆ ಉಳಿಯೋದು. ಶಸ್ತ್ರಚಿಕಿತ್ಸೆಗೆ ಮೊದಲು ‘ಆಸ್ಪಿರಿನ್ ತಗೊಳ್ತೀರಾ?’ ಅಂತ ವೈದ್ಯರು ಕೇಳೋದೂ ಅದಕ್ಕೇ.

ಸಿಟಿ ಬಸ್ಸಿಗೆ ಅವನು ಕೊಟ್ಟ ಉದಾಹರಣೆ ನನಗೆ ಇನ್ನೂ ನೆನಪಿದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ದುರಂತ ಆಯಿತು. ಮೆಥನಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಯಕೃತ್ತಿನಲ್ಲಿರುವ ಒಂದು ಕಿಣ್ವದ ಮೇಲೆ ಕೂರುತ್ತೆ, ಫಾರ್ಮಾಲ್ಡಿಹೈಡ್ ಆಗುತ್ತೆ, ಆಮೇಲೆ ಫಾರ್ಮಿಕ್ ಆಮ್ಲ ಆಗುತ್ತೆ. ಕಣ್ಣಿನ ನರವನ್ನ ಹಾಳು ಮಾಡೋದು, ಜೀವ ತೆಗೆಯೋದು ಆ ಆಮ್ಲ. ಇದಕ್ಕೆ ಆಸ್ಪತ್ರೆಯಲ್ಲಿ ಬಹಳ ಕಾಲದಿಂದ ಕೊಡುತ್ತಿದ್ದ ಒಂದು ಪ್ರತಿವಿಷ ಏನು ಗೊತ್ತಾ? ಎಥನಾಲ್. ಸಾಮಾನ್ಯ ಆಲ್ಕೋಹಾಲೇ, ಆದರೆ ಶುದ್ಧವಾದದ್ದು, ಲೆಕ್ಕ ಹಾಕಿ, ವೈದ್ಯರ ನಿಗಾದಲ್ಲಿ ಕೊಡೋದು. ಆ ಕಿಣ್ವಕ್ಕೆ ಎಥನಾಲ್ ಕಂಡರೆ ಮೆಥನಾಲ್‌ಗಿಂತ ಹೆಚ್ಚು ಪ್ರೀತಿ. ಸೀಟೆಲ್ಲ ಎಥನಾಲ್ ತುಂಬಿಕೊಳ್ಳುತ್ತೆ. ಮೆಥನಾಲ್ ವಿಷವಾಗಿ ಬದಲಾಗದೆ, ಮೂತ್ರದಲ್ಲೋ ಡಯಾಲಿಸಿಸ್‌ನಲ್ಲೋ ಹೊರಗೆ ಹೋಗುತ್ತೆ. ಇದೇ ಕೆಲಸಕ್ಕೆ ಈಗ ಫೊಮೆಪಿಜೋಲ್ ಅನ್ನೋ ಔಷಧವೂ ಇದೆ. ಮನೆಯಲ್ಲಿ ಮಾಡುವ ಚಿಕಿತ್ಸೆ ಖಂಡಿತ ಅಲ್ಲ, ಅದನ್ನ ಒತ್ತಿ ಹೇಳ್ತೀನಿ.

ಹತ್ತು ನಿಮಿಷದ ಪಾಠ ಇದು. ಹೋಲಿಕೆ ಎಲ್ಲಿಯವರೆಗೆ ನಡೆಯುತ್ತೆ, ಎಲ್ಲಿ ಮುರಿಯುತ್ತೆ ಅಂತ ಅವನು ಕಲಿತದ್ದು ಎದುರಿಗೆ ಕೂತವರು ಪ್ರಶ್ನೆ ಕೇಳಿದ್ದರಿಂದ. ಸ್ಲೈಡ್ ಓದಿ ಮುಗಿಸಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಅಭಿಸರಣೆಯೇ ಆಸ್ಮಾಸಿಸ್

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ಬಿಎಸ್‌ಸಿ ತರಗತಿಗಳಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಎಷ್ಟೋ ಜನ ಇರ್ತಾರೆ. ಅವರಿಗೆ ಎರಡು ಹೊರೆ. ವಿಷಯವೂ ಹೊಸದು, ಭಾಷೆಯೂ ಹೊಸದು. ‘ಎನಿ ಡೌಟ್ಸ್?’ ಅಂದಾಗ ಸುಮ್ಮನಿರೋದು ಡೌಟ್ ಇಲ್ಲದೆ ಅಲ್ಲ. ಡೌಟನ್ನ ಇಂಗ್ಲಿಷಿನಲ್ಲಿ ಕಟ್ಟೋಕೆ ಆಗದೆ.

ಆಸ್ಮಾಸಿಸ್ ಪಾಠ ತಗೊಳ್ಳಿ. ಹೈಸ್ಕೂಲಲ್ಲಿ ಅವರು ‘ಅಭಿಸರಣೆ’ ಅಂತ ಇದನ್ನೇ ಓದಿರ್ತಾರೆ. ಆದರೆ ಅದೂ ಇದೂ ಒಂದೇ ಅಂತ ಯಾರೂ ಹೇಳಿರಲ್ಲ. ನಮ್ಮ ತರಬೇತಿಯಲ್ಲಿ ಈ ಸೇತುವೆ ಕಟ್ಟೋದನ್ನ ಅಭ್ಯಾಸ ಮಾಡಿಸ್ತೀವಿ. ಮೊದಲು ಅವರು ಕಂಡ ಸಂಗತಿ: ಉಪ್ಪಿನಕಾಯಿಗೆ ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಬೆಳಗ್ಗೆ ಹೊತ್ತಿಗೆ ಭರಣಿಯಲ್ಲಿ ನೀರು ಎಲ್ಲಿಂದ ಬಂತು? ಆಮೇಲೆ ಅವರು ಓದಿದ ಪದ, ಅಭಿಸರಣೆ. ಕೊನೆಗೆ ಹೊಸ ಪದ, ಆಸ್ಮಾಸಿಸ್. ಅಲ್ಲಿಂದ ನೇರ ವಾರ್ಡಿಗೆ: ರಕ್ತನಾಳಕ್ಕೆ ಬರೀ ನೀರನ್ನ ಯಾಕೆ ಹಾಕಬಾರದು? ಸಲೈನ್ 0.9 ಶೇಕಡಾನೇ ಯಾಕೆ? ಬರೀ ನೀರು ಹೋದರೆ ಅದು ರಕ್ತಕಣದ ಒಳಗೆ ನುಗ್ಗಿ ಕಣ ಊದಿ ಒಡೆಯುತ್ತೆ ಅಂತ ಆಗ ಅವರೇ ಹೇಳ್ತಾರೆ.

ಕನ್ನಡದಲ್ಲಿ ವಿವರಿಸಿದರೆ ಮಟ್ಟ ಇಳಿಯುತ್ತೆ ಅನ್ನುವವರಿದ್ದಾರೆ. ನೀರು ಯಾಕೆ ಒಳಗೆ ಹೋಯಿತು ಅಂತ ಅರ್ಥವಾದವರಿಗೆ ಆ ಇಂಗ್ಲಿಷ್ ಪದ ಕಲಿಯೋಕೆ ಒಂದು ದಿನ ಸಾಕು.

‘ಟೈಮ್ ವೇಸ್ಟ್’ ಅನ್ನುವವರಿಗೆ

ಇಷ್ಟೆಲ್ಲ ಮಾಡಿದರೆ ವಿದ್ಯಾರ್ಥಿಗಳಿಗೆ ನಿಜವಾಗಿ ಉಪಯೋಗ ಆಗುತ್ತಾ? 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ಕೇಳುವ ತರಗತಿಗಳಲ್ಲಿ ನಪಾಸಾದವರು ಸರಾಸರಿ ಶೇ 33.8. ವಿದ್ಯಾರ್ಥಿಗಳು ಪ್ರಶ್ನೆ, ಚರ್ಚೆ, ಲೆಕ್ಕ ಅಂತ ತಾವೇ ತೊಡಗಿಕೊಳ್ಳುವ ತರಗತಿಗಳಲ್ಲಿ ಶೇ 21.8.

ಆದರೆ ಹೊಸ ಅಧ್ಯಾಪಕರಿಗೆ ಒಂದು ಎಚ್ಚರಿಕೆ. 2019ರಲ್ಲಿ ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳಲ್ಲಿ ನಡೆದ ಅಧ್ಯಯನದಲ್ಲಿ ಒಂದು ವಿಚಿತ್ರ ಸಂಗತಿ ಕಂಡಿತು. ತಾವೇ ತೊಡಗಿಕೊಂಡ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಕಲಿತಿದ್ದರು, ಆದರೆ ‘ನಾವು ಕಡಿಮೆ ಕಲಿತೆವು’ ಅಂತ ಅವರಿಗೆ ಅನಿಸಿತ್ತು. ಚೆನ್ನಾಗಿ ಹರಿಯುವ ಉಪನ್ಯಾಸ ಕೇಳೋದು ಹಿತವಾಗಿರುತ್ತೆ, ಎಲ್ಲ ಅರ್ಥವಾದಂತೆ ಭಾಸವಾಗುತ್ತೆ. ತಾನೇ ಯೋಚಿಸೋದು ಕಷ್ಟ. ಹಾಗಾಗಿ ಮೊದಲ ವಾರ ಮಕ್ಕಳು ಗೊಣಗಿದರೆ ಹೆದರಬೇಡಿ. ಯಾಕೆ ಹೀಗೆ ಪಾಠ ಮಾಡ್ತಿದೀನಿ ಅಂತ ಮೊದಲೇ ಅವರಿಗೆ ಹೇಳಿ.

ಇನ್ನು ಗೈಡ್‌ಗಳ ಮಾತು. ‘ಪಾಠ ಗೀಠ ಆಮೇಲೆ ನೋಡ್ಕೊಳ್ಳೋಣ, ಮೊದಲು ಪೇಪರ್ ಬರಲಿ’ ಅನ್ನೋದನ್ನ ನಾನು ತುಂಬ ಕೇಳಿದ್ದೀನಿ. ಅವರ ಕಷ್ಟವೂ ನಿಜ. ಫೆಲೋಷಿಪ್‌ಗೆ ಅವಧಿ ಇದೆ, ಕೆಲಸ ಸಿಗಬೇಕಾದರೆ ಪ್ರಕಟಣೆ ಬೇಕು. ಆದರೆ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಡೇವಿಡ್ ಫೆಲ್ಡನ್ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ವಿಜ್ಞಾನ, ಎಂಜಿನಿಯರಿಂಗ್ ಓದುತ್ತಿದ್ದ 95 ಸಂಶೋಧನಾ ವಿದ್ಯಾರ್ಥಿಗಳಿಂದ ವರ್ಷದ ಶುರುವಲ್ಲಿ ಒಂದು ಸಂಶೋಧನಾ ಪ್ರಸ್ತಾವ ಬರೆಸಿದರು, ವರ್ಷದ ಕೊನೆಗೆ ಅದನ್ನ ತಿದ್ದಿ ಬರೆಸಿದರು. ಬರೀ ಸಂಶೋಧನೆ ಮಾಡಿದವರಿಗಿಂತ, ಸಂಶೋಧನೆಯ ಜೊತೆ ಪಾಠವನ್ನೂ ಮಾಡಿದವರು ಪರೀಕ್ಷಿಸಬಲ್ಲ ಊಹೆಗಳನ್ನ ಕಟ್ಟೋದರಲ್ಲಿ, ಪ್ರಯೋಗ ರೂಪಿಸೋದರಲ್ಲಿ ಹೆಚ್ಚು ಸುಧಾರಿಸಿದ್ದರು.

ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ‘ಮೇಡಂ, ಈ ಕಂಟ್ರೋಲ್ ಟ್ಯೂಬ್ ಯಾಕೆ ಬೇಕು?’ ಅಂತ ಮೊದಲ ವರ್ಷದ ಹುಡುಗಿ ಕೇಳಿದಾಗ, ಉತ್ತರ ಹೇಳಬೇಕಾದವರು ತಮ್ಮ ಪ್ರಯೋಗದ ಕಂಟ್ರೋಲ್ ಬಗ್ಗೆಯೂ ಯೋಚಿಸಬೇಕಾಗುತ್ತೆ.

ನಿಯಮ ಇದೆ, ಮುಂದೆ?

ಹೊರದೇಶಗಳಲ್ಲಿ ಇದಕ್ಕೆ ವ್ಯವಸ್ಥೆ ಬೆಳೆದಿದೆ. ಅಮೆರಿಕದಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳನ್ನ ಅಧ್ಯಾಪನಕ್ಕೆ ಸಿದ್ಧಪಡಿಸುವ ‘ಪ್ರಿಪೇರಿಂಗ್ ಫ್ಯೂಚರ್ ಫ್ಯಾಕಲ್ಟಿ’ ಕಾರ್ಯಕ್ರಮ 1993ರಲ್ಲೇ ಶುರುವಾಯಿತು. ನಮ್ಮಲ್ಲೂ ವೈದ್ಯಕೀಯ ಅಧ್ಯಾಪಕರಿಗೆ ತರಬೇತಿಯ ಪರಂಪರೆ ಇದೆ. ಪುದುಚೇರಿಯ ಜಿಪ್ಮರ್‌ನಲ್ಲಿ ರಾಷ್ಟ್ರೀಯ ಶಿಕ್ಷಕರ ತರಬೇತಿ ಕೇಂದ್ರ ಶುರುವಾಗಿದ್ದು 1975ರಲ್ಲಿ. ವೈದ್ಯಕೀಯ ಕಾಲೇಜಿನ ಅಧ್ಯಾಪಕರಿಗೆ ಈಗ ವೈದ್ಯಕೀಯ ಶಿಕ್ಷಣದ ಬೇಸಿಕ್ ಕೋರ್ಸ್ ಇದೆ. ಆದರೆ ಅದು ಸಿಗೋದು ಕೆಲಸಕ್ಕೆ ಸೇರಿದ ಮೇಲೆ. ಎಂಎಸ್‌ಸಿ, ಪಿಎಚ್‌ಡಿ ಮಾಡಿ ಡಿಗ್ರಿ ಕಾಲೇಜಿಗೆ ಹೋಗೋರಿಗೆ ಮೊದಲೇ ಏನಿದೆ?

ಕಾಗದದ ಮೇಲೆ ಇದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳ ಪ್ರಕಾರ, ವಿಷಯ ಯಾವುದೇ ಆಗಿರಲಿ, ಎಲ್ಲ ಪಿಎಚ್‌ಡಿ ವಿದ್ಯಾರ್ಥಿಗಳೂ ತಮ್ಮ ವಿಷಯಕ್ಕೆ ಸಂಬಂಧಿಸಿದ ಬೋಧನೆ, ಬರವಣಿಗೆಯಂಥ ತರಬೇತಿ ಪಡೆಯಬೇಕು. ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನಕ್ಕೆ ವಾರಕ್ಕೆ 4ರಿಂದ 6 ಗಂಟೆ ಕೆಲಸವನ್ನೂ ಕೊಡಬಹುದು.

ಈ 4ರಿಂದ 6 ಗಂಟೆಯಲ್ಲೇ ಇರೋದು ಎಲ್ಲ. ಅದನ್ನ ಎರಡು ಥರ ಬಳಸಬಹುದು. ಒಂದು: ಖಾಲಿ ಹುದ್ದೆ ತುಂಬೋ ಬದಲು ಪಿಎಚ್‌ಡಿ ವಿದ್ಯಾರ್ಥಿಗಳ ಕೈಗೆ ಕ್ಲಾಸ್ ಕೊಟ್ಟು, ರೆಕಾರ್ಡ್ ಪುಸ್ತಕ ತಿದ್ದಿಸಿ, ‘ಟೀಚಿಂಗ್ ಟ್ರೇನಿಂಗ್ ಆಯ್ತು’ ಅಂತ ಸಹಿ ಹಾಕೋದು. ಇದು ತರಬೇತಿ ಅಲ್ಲ, ಬಿಟ್ಟಿ ಚಾಕರಿ. ಇನ್ನೊಂದು: ವಾರಕ್ಕೆ ಒಂದು ಲ್ಯಾಬ್ ತಂಡ ಕೊಡೋದು, ಹಿರಿಯರೊಬ್ಬರು ತಿಂಗಳಿಗೆ ಒಂದು ಸಲವಾದರೂ ಹಿಂದೆ ಕೂತು ನೋಡೋದು, ಆಮೇಲೆ ಹದಿನೈದು ನಿಮಿಷ ಕೂತು ಮಾತಾಡೋದು. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನ ಬೇಡ. ಹಿರಿಯರ ಆ ಹದಿನೈದು ನಿಮಿಷ ಬೇಕು. ಅದನ್ನ ಅವರ ಕೆಲಸದ ಲೆಕ್ಕಕ್ಕೆ ಸೇರಿಸಬೇಕು.

ಯಾಕಂದ್ರೆ ಈಗ ಪಿಎಚ್‌ಡಿ ಮಾಡ್ತಿರೋ ಎಷ್ಟೋ ಜನ ನಾಳೆ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಹೋಗ್ತಾರೆ. ಈಗಾಗಲೇ ಅಂಥವರು ರಾಜ್ಯದಲ್ಲಿ ಸಾವಿರಾರು ಜನ ಇದ್ದಾರೆ. ಹಳ್ಳಿಯಿಂದ ಬಸ್ ಹತ್ತಿ ಬರೋ, ಮನೆಯಲ್ಲಿ ಮೊದಲ ಸಲ ಡಿಗ್ರಿ ಓದ್ತಿರೋ ಮಕ್ಕಳಿಗೆ ಸಿಗೋದು ಇವರ ಪಾಠವೇ.

ಕೊನೆಯದಾಗಿ, ಇದನ್ನ ಕೇಳ್ತಿರೋ ಪಿಎಚ್‌ಡಿ ಸ್ನೇಹಿತರಿಗೆ. ನಿಮ್ಮ ವಿಭಾಗದಲ್ಲಿ ತರಬೇತಿ ಇಲ್ಲ ಅಂತ ಕಾಯಬೇಡಿ. ನಾಲ್ಕು ಜನ ಸೇರಿ, ಶನಿವಾರ ಮಧ್ಯಾಹ್ನ ಒಂದು ಖಾಲಿ ರೂಮ್ ಹುಡುಕಿ. ಫೋನ್ ಒಂದು ಕಡೆ ನಿಲ್ಲಿಸಿ ರೆಕಾರ್ಡ್ ಹಾಕಿ. ಹತ್ತು ನಿಮಿಷ, ಒಂದೇ ವಿಷಯ. ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರನ್ನಾದರೂ ಕೂರಿಸಿಕೊಳ್ಳಿ. ಅವರು ‘ಅರ್ಥ ಆಗ್ಲಿಲ್ಲ’ ಅಂದ್ರೆ ಎಲ್ಲಿ ಅಂತ ಕೇಳಿ. ಸೋಮವಾರ ಅದೇ ಪಾಠವನ್ನ ಇನ್ನೊಂದು ಸಲ ಮಾಡಿ.

ಡಿಗ್ರಿ, ನರ್ಸಿಂಗ್ ಓದ್ತಿರೋ ಕೇಳುಗರೇ, ನಿಮಗೂ ಒಂದು ಮಾತು. ಹೊಸಬರು ಪಾಠಕ್ಕೆ ಬಂದಾಗ ಅವರಿಗೆ ನಿಮಗಿಂತ ಜಾಸ್ತಿ ಭಯ ಇರುತ್ತೆ. ಆ ಬಸ್ಸಿನ ಸೀಟಿನ ಪ್ರಶ್ನೆ ಕೇಳಿದ ಹುಡುಗಿಯ ಹಾಗೆ ಕೈ ಎತ್ತಿ. ಕನ್ನಡದಲ್ಲೇ ಕೇಳಿ.

ನಿಮಗೆ ಚೆನ್ನಾಗಿ ಅರ್ಥವಾದ ಒಂದು ವಿಜ್ಞಾನ ಪಾಠ ಯಾವುದು? ಅದನ್ನ ಹೇಳಿಕೊಟ್ಟವರು ಏನು ಮಾಡಿದ್ದರು? ಕಮೆಂಟ್‌ನಲ್ಲಿ ಬರೆಯಿರಿ, ಓದೋಕೆ ಕಾಯ್ತಿರ್ತೀನಿ.